ಕಿವಿರು ನೋಡಿದಂತೆ

ಬರ್ಕಾ, ಸನಾಯ್ಯಾದ ಎರಡನೇ ಗಲ್ಲಿ.
ಬೆಳಗಿನ ಆರೂವರೆ. ಎಂಜಿನ್ ತಣ್ಣಗಿರುವಾಗಲೇ
ಮುಗಿಸಬೇಕು ಈ ಕೆಲಸ.
ಕಾದ ಅಲ್ಯೂಮಿನಿಯಂ ಕಚ್ಚಿದ್ದನ್ನು ಬಿಡುವುದಿಲ್ಲ,
ಬಿಟ್ಟರೂ ತನ್ನ ಹಲ್ಲನ್ನೇ ಕಿತ್ತುಕೊಡುತ್ತದೆ.

ಖಲ್ಫಾನರ ಪಿಕಪ್ಪಿಗೆ ಹದಿನಾಲ್ಕು ವರ್ಷ.
ಬಣ್ಣ ಬಿಳಿ ಎಂದು ಕಾಗದದಲ್ಲಿದೆ.
ಹಿಂದೆ ಬಲೆ, ಎರಡು ಐಸ್ ಪೆಟ್ಟಿಗೆ,
ಉಪ್ಪು ತಿಂದ ತೂತಿನಿಂದ ನೆಲ.
ಮರಳ ಮೇಲೆ ದೋಣಿ ಎಳೆಯುವಾಗ ಕೆಮ್ಮುತ್ತದಂತೆ.
ಹೇಗೆ ಎಂದರೆ, ಅವರೇ ಕೆಮ್ಮಿ ತೋರಿಸಿದರು,
ನಾಲ್ಕಕ್ಕೊಂದು ಬಿಟ್ಟು.

ಪ್ಲಗ್ಗಿಗೆ ಇಲ್ಲಿ ಬ್ಲಕ್ ಎನ್ನುತ್ತಾರೆ.
ನಾಲ್ಕಾದರೆ ಬ್ಲಕಾತ್.
ಗಂಗೊಳ್ಳಿಯ ನನ್ನ ನಾಲಿಗೆಗೂ ಈಗ ಅದೇ ಮೊದಲು.

ಕಾಯಿಲ್ ಕಿತ್ತು ಗಾಳಿ ಹೊಡಿ,
ಎಂದು ಕಲಿಸಿದ್ದ ಗುಲ್‌ಜಮಾನ್ ಉಸ್ತಾದ,
ಬಾವಿಯ ಬಾಯಿಯ ಮರಳು ಒಳಗೆ ಬಿದ್ದರೆ
ಪಿಸ್ಟನ್ ವರ್ಷವಿಡೀ ಅರೆಯುತ್ತಿರುತ್ತದೆ.
ಹೊಡೆದೆ. ಕರಾವಳಿ ಅರ್ಧ ನನ್ನ ಕಣ್ಣಿಗೆ.

ಒಂದನೆಯದರ ತುದಿ ಚಹಾದ ಕಂದು. ಸುಖ.
ಎರಡನೆಯದೂ.
ಮೂರನೆಯದರ ಮೂಗು ಸವೆದು ಮೊಂಡು,
ಕಿಡಿ ಹಾರಬೇಕಾದ ಸಂದು ಹಳ್ಳ ದಾಟಿದಷ್ಟು.
ನಾಲ್ಕನೆಯದು ಒದ್ದೆ. ಮೂಸಿದೆ: ಎಣ್ಣೆ.
ಮೇಲಿನ ರಬ್ಬರ್ ಸೀಲು ಬಿರಿದು, ತೊಟ್ಟಿಕ್ಕಿ, ತುಂಬಿದೆ.
ಇದರದ್ದೇನು ತಪ್ಪು?
ಕುತ್ತಿಗೆಯವರೆಗೆ ಮುಳುಗಿಸಿ ಕಿಡಿ ಹಾಕು ಎಂದರೆ
ಯಾರು ಹಾಕುತ್ತಾರೆ.

ಆಗ ಖಲ್ಫಾನ್ ದಿಶ್ದಾಶಾದ ಜೇಬಿನಿಂದ
ನಾಲ್ಕು ಪುಟ್ಟ ಪೆಟ್ಟಿಗೆ ತೆಗೆದು
ರೇಡಿಯೇಟರಿನ ನೆತ್ತಿಯ ಮೇಲೆ ಸಾಲಾಗಿಟ್ಟರು.
ಇರಿಡಿಯಂ. ಲಕ್ಷ ಕಿಲೋಮೀಟರ್ ಬಾಳುವಂಥದ್ದು.
ಮಗಳು ಝುವೈನಾ ರೂವಿಯಿಂದ ತಂದದ್ದು,
ಆಸ್ಪತ್ರೆಯ ಮೊದಲ ಸಂಬಳದಲ್ಲಿ.
ಹೇಳುವಾಗ ನನ್ನನ್ನು ನೋಡಲಿಲ್ಲ, ಪೆಟ್ಟಿಗೆಗಳನ್ನೇ ನೋಡಿದರು.

ಒಂದನ್ನು ಬಿಚ್ಚಿದೆ.
ಸೂಜಿಯಂತಿರಬೇಕಾದ ತುದಿ, ಬೆಂಕಿಕಡ್ಡಿಯಷ್ಟು ದಪ್ಪ.
ವಾಷರ್ ಬೆರಳಿಗೇ ಕಳಚಿ ಬಂತು.
ಫೀಲರ್ ಗೇಜ್ ಒಂದಕ್ಕೊಂದು ಹೇಳಿತು,
ಇನ್ನೊಂದಕ್ಕೆ ಇನ್ನೊಂದು.

ನನಗೆ ಬರುವ ಅರಬ್ಬಿ ಬೆಲೆ ಹೇಳಲು ಸಾಕು,
ಇಂಥದ್ದಕ್ಕೆ ಸಾಲದು.
ಮಾಲು ಒಳ್ಳೆಯದೇ ಬಾಬಾ, ನಂಬರ್ ಬೇರೆ.
ಇದು ಬಿಸಿ ಪ್ಲಗ್, ಇಲ್ಲಿಯ ಸೆಕೆಗೆ
ಒಂದು ಅಂಕಿ ತಣ್ಣನೆಯದು ಬೇಕು, ಎಂದೆ.
ಸುಳ್ಳಿಗೆ ಅರ್ಧ ನಿಜ ಬೆರೆಸಿದ್ದೆ,
ಗ್ಯಾರೇಜಿನಲ್ಲಿ ಎಲ್ಲರೂ ಬೆರೆಸುವಷ್ಟು.

ಅವರು ಪ್ಲಗ್ ಎತ್ತಿಕೊಂಡರು.
ಬಂಗಡೆಯ ಕಿವಿರು ಎತ್ತಿ ನೋಡುವವರಂತೆ
ಬೆಳಕಿಗೆ ಹಿಡಿದು, ತಿರುಗಿಸಿ,
ಪಿಂಗಾಣಿಯ ಮೇಲಿನ ಹೆಸರನ್ನು ಹೆಬ್ಬೆರಳಿಂದ ಒತ್ತಿ ಸವರಿದರು.

ಹೆಸರು ಬೆರಳಿಗೆ ಬಂತು.

ನನ್ನಮ್ಮ ಬಂದರಿನಲ್ಲಿ ಬುಟ್ಟಿ ಇಟ್ಟವಳು.
ನಿನ್ನೆಯ ಮೀನಿಗೆ ಕೆಂಪು ಹಚ್ಚಿದವರನ್ನು ಕಂಡರೆ
ಅವಳೂ ಹೀಗೇ ಸುಮ್ಮನಾಗುತ್ತಿದ್ದಳು,
ಬೆರಳು ಮಾತ್ರ ಸೆರಗಿಗೆ ಒರೆಸಿಕೊಂಡು.

ನಿನ್ನ ಪೆಟ್ಟಿಗೆಯಲ್ಲಿರುವುದನ್ನು ಹಾಕು, ಎಂದರು.

ಸಾದಾ ನಿಕ್ಕಲ್, ನಾಲ್ಕಕ್ಕೆ ಐದು ರಿಯಾಲ್.
ಹಳೇ ಪೆಟ್ರೋಲ್ ಪೈಪಿನ ತುಂಡಿಗೆ ಸಿಕ್ಕಿಸಿ
ಬೆರಳ ತುದಿಯಲ್ಲಿ ತಿರುಗಿಸುತ್ತ ಇಳಿಸಿದೆ.
ದಾರಿ ತಪ್ಪಿದರೆ ರಬ್ಬರೇ ಜಾರಿ ಹೇಳುತ್ತದೆ,
ಕಬ್ಬಿಣಕ್ಕೆ ಆ ನಾಚಿಕೆಯಿಲ್ಲ.
ಕೈಬಿಗಿ. ಆಮೇಲೆ ಪಾನದಿಂದ ಅರ್ಧ ಸುತ್ತು.
ಹೊಸ ಸೀಲು, ಕಾಯಿಲ್, ಕೀಲಿ.

ಕೆಮ್ಮಿಲ್ಲ.

ಖಲ್ಫಾನ್ ಕಿವಿಗೊಟ್ಟರು, ನಾಲ್ಕರವರೆಗೆ ಎಣಿಸಿ
ಮತ್ತೆ ಮೊದಲಿಂದ ಎಣಿಸಿದರು.
ಕಳಚಿದ ನಾಲ್ಕು, ಹಾಕದ ನಾಲ್ಕು,
ಎಂಟನ್ನೂ ತಂತಿಯಲ್ಲಿ ಪೋಣಿಸಿ ಬಲೆಯ ಅಂಚಿಗೆ ಕಟ್ಟಿದರು.
ಭಾರಕ್ಕೆ ಅಸಲಿ ನಕಲಿ ಇಲ್ಲವಂತೆ.

ಖಾಲಿ ಪೆಟ್ಟಿಗೆಗಳನ್ನು ಮಾತ್ರ
ಮುಚ್ಚಳ ಒತ್ತಿ, ಡ್ಯಾಶ್‌ಬೋರ್ಡಿನ ಮೇಲಿಟ್ಟರು,
ಶುಕ್ರವಾರ ಅವಳು ಕೂರುವ ಸೀಟಿನೆದುರು.
ಗಲ್ಲಿಯ ತಿರುವಿನಲ್ಲಿ ಅವು ಜಾರಿದವು.
ಬ್ರೇಕು ಹಾಕಿ, ಮತ್ತೆ ಸಾಲಾಗಿಟ್ಟು, ಹೋದರು.
ಸೀಲಿನ ದುಡ್ಡು ಕೇಳಲು ನಾನು ಮರೆತೆ.